ರೇಡಿಯೇಟರಿಗೆ ಬೋರಿನ ನೀರು

ಅಬ್ಬಾ,

ನಾ ಬಸ್ಸಿಗೆ ಬ್ಯಾಡಗಿಗೆ ಹೊಂಟೇನಿ. ನನ್ನ ಬೈಕ್ ಮುಟ್ಟಬ್ಯಾಡ್ರಿ.

ನಿನ್ನೆ ಅದು ಕಾಗಿನೆಲಿ ದಾರ್‍ಯಾಗ ಎಂಜಿನ್ ಕಾದು ನಿಂತಿತ್ತು. ಗ್ಯಾರೇಜಿನ ಜಹೀರಭಾಯ್ ನೋಡಿ ಹೇಳಿದ್ರು, ರೇಡಿಯೇಟರಿನ್ಯಾಗ ಎಂಜಿನ್ ತಂಪಿಡೂ ಕೂಲಂಟಿಗಿಂತ ಬೋರಿನ ನೀರ ಜಾಸ್ತಿ ಐತಂತ. ಬಕೀಟಿಗೆ ಬೆಳ್ಳಗ ಉಪ್ಪು ಕಟ್ಟೂ ನೀರು! ನಿಮ್ಮ ಹಳೇ ಟ್ರ್ಯಾಕ್ಟರ್ ತಡಕೊಂಡೀತು, ಇದು ತಡಕೊಳ್ಳೂದಿಲ್ಲ.

ಇವತ್ತ ಹತ್ತಕ್ಕ ಅವರು ಮನಿಗೆ ಬರ್ತಾರ. ಎಲ್ಲಾ ಬಸಿದು, ತೊಳದು, ಹೊಸಾದು ತುಂಬ್ತಾರ. ಕಪಾಟಿನ್ಯಾಗಿನ ಹಸರು ಕೂಲಂಟಿನ ಡಬ್ಬಿ ಕೊಡ್ರಿ. ಅದಕ್ಕೂ ನೀರು ಬೆರಸಬ್ಯಾಡ್ರಿ. ಬಸಿದದ್ದು ವಿಷ, ಆಡು ನೆಕ್ಕದಂಗ ನೋಡ್ಕೋರಿ.

"ಹೆಣ್ಮಗಳಿಗ್ಯಾಕ ಬೈಕು, ಮಾರು" ಅಂತ ದಿನಾ ಬೈತೀರಿ. ಆದ್ರ ನಾ ಏಳೂದ್ರಾಗ ಚಂಬು ತಗೊಂಡು ನೀವ ಅದಕ್ಕ ನೀರು ಹಾಕ್ತಿದ್ರಂತ, ಅಮ್ಮಿ ಹೇಳಿದ್ಲು.

"ಇದರಾಗ ನೀರು ಹಾಕಿದ ಶಾಣ್ಯಾ ಯಾರು?" ಅಂತ ಜಹೀರಭಾಯ್ ಕೇಳಿದ್ರು. ನಾನ ಅಂತ ಹೇಳೇನಿ. ನೀವು ಏನೂ ಅನ್ನಬ್ಯಾಡ್ರಿ, ಚಾ ಕೊಟ್ಟು ಸುಮ್ನ ಕುಂದ್ರಿ.

ಬೇನಜೀರ