ಮೊದಲ ಕಾಯಿ

ಬತ್ತೀರ್, ಶುಕ್ರವಾರ

ಮಗಳೇ ರುಬಾ,

ಈ ಕಣಿವೆಯಲ್ಲಿ ನಾನು ಕೆಮ್ಮಿದರೆ ಸಾಕು, ಸೌತೆ ಬಳ್ಳಿಗಳು ಹೂ ಬಿಡುತ್ತವೆ. ಆದರೂ ಜನ ಹೊಗಳುವುದು ಪಕ್ಕದ ಮನೆಯ ಅಬು ನಿಝಾರನ ಫಕ್ಕೂಸ್ ಸೌತೆಯನ್ನು. ನಿನ್ನ ಅತ್ತೆಯೂ ನನ್ನ ಮುಂದೆಯೇ ಅದನ್ನು ಕಚ್ಚಿ, ರುಚಿಗೆ ಕಣ್ಣು ಮುಚ್ಚಿದಳು.

ಅವನನ್ನು ಕೇಳಿದ್ದರೆ ಬೀಜ ಪುಕ್ಕಟೆ ಸಿಗುತ್ತಿತ್ತು. ಆದರೆ ನಮ್ಮ ಓಣಿಯ ಪದ್ಧತಿ ನಿನಗೆ ಗೊತ್ತಲ್ಲ, ಬೀಜ ಪಡೆದವನು ಮೊದಲ ಕಾಯನ್ನು ಕೊಟ್ಟವನ ಬಾಗಿಲಿಗೆ ಒಯ್ಯಬೇಕು. ಎಲ್ಲರ ಕಣ್ಣೆದುರು ನಾನು ಅವನ ಬಾಗಿಲಿಗೆ ಹೋಗುವುದೇ? ಬೆತ್ಲೆಹೇಮಿನ ಸಂತೆಯ ವ್ಯಾಪಾರಿಯೊಬ್ಬನಿಗೆ ದುಡ್ಡು ಕೊಟ್ಟು, ಅದೇ ಬೀಜವನ್ನು ಗುಟ್ಟಾಗಿ ತರಿಸಿ ಬಿತ್ತಿದೆ.

ನಿನ್ನೆ ಅಬು ನಿಝಾರ್ ಗೋಡೆಯ ಮೇಲಿಂದ ಬಗ್ಗಿದ. "ಏನಣ್ಣ, ನಮ್ಮನೆ ಕಾಯಿ ನಿಮ್ಮ ಬಳ್ಳೀಲಿ ತೂಗ್ತಿದೆ? ಸಂತೆಯವನೊಬ್ಬ ಬಂದು ನಿಮ್ಮ ಹೆಸರು ಹೇಳಿ ಬೀಜ ಕೇಳ್ದ, ನಮ್ಮವಳು ಸುಮ್ನೆ ಕೊಟ್ಳು. ಮೊದಲ ಕಾಯಿ ಯಾವಾಗ ತರ್ತೀರಿ?"

ನನಗೆ ಮಂಡಿನೋವು. ಭಾನುವಾರ ನೀನು ಬಂದು ಆ ಕಾಯನ್ನು ಮುಟ್ಟಿಸು. ಅವನು ಕಚ್ಚುವವರೆಗೂ ಅಲ್ಲೇ ನಿಂತಿರು. ಅವನದಕ್ಕಿಂತ ನನ್ನದು ಸಿಹಿಯೋ ಎಂದು ಮುಖ ನೋಡಿ ತಿಳಿದುಕೊಂಡು ಬಾ. ಬೀಜಕ್ಕೆ ಇಪ್ಪತ್ತು ಶೆಕೆಲ್ ಆಯಿತೆಂದು ಅತ್ತೆಗೆ ಹೇಳಿದ್ದೇನೆ, ಕೇಳಿದರೆ ನೀನೂ ಹಾಗೇ ಹೇಳು. ಕೊಟ್ಟದ್ದು ಮುನ್ನೂರು.

ನಿನ್ನ ಮಾವ,
ಶಫೀಕ್