ರಾಣಿ ಸುಮಿನಾಳ ಎಡಗೆನ್ನೆ

ಕುಮಾಸಿ
ಜನವರಿ ೧೮, ಭಾನುವಾರ

ಪ್ರೀತಿಯ ಫ್ರೇಮಾ,

ಹೊಸ ವರ್ಷಕ್ಕೆ ನೀನು ಅಕ್ರಾದಿಂದ ಕಳಿಸಿದ ಬಟ್ಟೆ ತಲುಪಿ ಎಷ್ಟೋ ದಿನವಾಯಿತು. ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಬೇಸರಪಡಬೇಡ. ಬರೆಯಲು ಕೂತಾಗಲೆಲ್ಲ ಕೋಪ ಬರುತ್ತಿತ್ತು, ಬರೆದದ್ದನ್ನು ಹರಿದುಹಾಕುತ್ತಿದ್ದೆ. ಉತ್ತರದ ಧೂಳುಗಾಳಿ ಶುರುವಾಗಿದೆ. ಅಜ್ಜಿಯ ತುಟಿ ಒಡೆದಿದೆ. ಶಿಯಾ ಬೆಣ್ಣೆ ಹಚ್ಚಲು ಹೋದರೆ "ನಾನೇನ್ ಮದುಮಗಳೇನೇ?" ಎಂದು ಮುಖ ತಿರುಗಿಸುತ್ತಾಳೆ. ಬಟ್ಟೆ ಮಾತ್ರ ಅವಳಿಗೆ ಹಿಡಿಸಿದೆ. ಇಗರ್ಜಿಗೆ ಉಟ್ಟು ಹೋಗಿ, ಕೇಳಿದವರಿಗೂ ಕೇಳದವರಿಗೂ "ಮೊಮ್ಮಗಳು ಕಳಿಸಿದ್ದು" ಎಂದು ಹೇಳಿ ಬಂದಳು.

ಇನ್ನು ವಿಷಯಕ್ಕೆ ಬರುತ್ತೇನೆ. ಕ್ರಿಸ್‌ಮಸ್ ರಜೆಗೆ ಮುಂಚೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಗಣಿತದ ಒಪುನಿ ಮೇಷ್ಟ್ರು ಫೋನಿನಿಂದ ತಲೆ ಎತ್ತಿ, "ಮೇಡಂ, ಕ್ಷಮಿಸ್ಬೇಕು. ಬೆಳಗ್ಗೆಯಿಂದ ನಿಮ್ಮನ್ನ ಎಷ್ಟ್ ಸಲ ಸಾಯಿಸ್ದೆ ಅಂತ ನಂಗೇ ಗೊತ್ತಿಲ್ಲ" ಎಂದರು.

"ಆ ಆಸೆ ಇರೋರು ಈ ಕಾಲೇಜಲ್ಲಿ ಇನ್ನೂ ಇದಾರೆ. ಸಾಲಲ್ಲಿ ನಿಂತ್ಕೊಳ್ಳಿ" ಎಂದೆ.

ನಗುತ್ತ ಫೋನನ್ನು ನನ್ನ ಕಡೆ ತಿರುಗಿಸಿದರು. ಹೊಸ ಆಟವಂತೆ, ಅಕ್ರಾದವರೇ ಮಾಡಿದ್ದಂತೆ. ನೋಡಿದರೆ ನೀನು ಚಿತ್ರ ಬರೆಯುವ ಕಂಪನಿಯದೇ. ಅದರಲ್ಲಿ ಕತ್ತಿ ಹಿಡಿದ ಒಬ್ಬ ಹುಡುಗಿ. ಹೆಸರು ರಾಣಿ ಸುಮಿನಾ, ನನ್ನದೇ ಹೆಸರು. ಎಡಗೆನ್ನೆಯ ಮೇಲೆ ಮೂರು ಗೀರು. ನಡುವಿನ ಗೀರು ಬಾಯಿಯ ಕಡೆಗೆ ಸೊಟ್ಟಗೆ ಇಳಿದಿದೆ, ಥೇಟ್ ನನ್ನ ಕೆನ್ನೆಯದರಂತೆ.

ನಾನು ಕೂಡಲೇ ನಿನಗೆ ಫೋನ್ ಮಾಡಿದೆ. ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಅಮ್ಮಾ, ಅದು ನಿನ್ನೊಬ್ಬಳ ಸ್ವತ್ತಲ್ಲ. ನಮ್ಮ ಅಸಾಂಟೆ ಜನರಲ್ಲಿ ಆ ಗುರುತು ಎಷ್ಟ್ ಮಂದಿಗಿದೆ. ನಮ್ಮ ಬಾಸ್ ಎಲ್ಲೂ ಕಾಣದ್ದನ್ನ ತಗೊಂಬಾ ಅಂದ್ರು. ಮ್ಯೂಸಿಯಮ್ಮಲ್ಲಿ ಹಳೇ ಫೋಟೋ ನೋಡಿ ಬರೆದೆ."

ಮ್ಯೂಸಿಯಮ್ಮಿನ ಫೋಟೋದಲ್ಲಿರುವವಳಿಗೂ ನಡುವಿನ ಗೀರು ಸೊಟ್ಟಗಿತ್ತೇ ಮಗಳೇ? ಕೂಸಾಗಿದ್ದಾಗ ಬ್ಲೇಡಿನ ಕೆಳಗೆ ಕತ್ತು ಹೊರಳಿಸಿದವಳು ನಾನು. ಇಬ್ಬರಿಗೂ ಒಂದೇ ರೀತಿ ಕೈ ತಪ್ಪುವುದುಂಟೆ? ಅದು ನನ್ನ ಮುಖವೇ ಎಂದು ನೀನು ಒಪ್ಪಿಕೊಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನೀನು ಸುಳ್ಳು ಹೇಳಿದೆ, ಅದೂ ಸಲೀಸಾಗಿ. ಆಮೇಲೆ ಫೋನ್ ಮಾಡಿದರೆ ನಿನ್ನ ಗಂಡ ಎತ್ತುತ್ತಾನೆ. "ಮಲಗಿದಾಳೆ ಅತ್ತೆ" ಎನ್ನುತ್ತಾನೆ. ಸಂಜೆ ನಾಲ್ಕು ಗಂಟೆಗೆ ಮಲಗುವಂಥದ್ದೇನು? ಅವನು ಒಳ್ಳೆಯ ಹುಡುಗ, ಆದರೆ ನನ್ನೊಡನೆ ಎರಡು ಮಾತಾಡುವಷ್ಟರಲ್ಲೇ ಫೋನ್ ಇಟ್ಟುಬಿಡುತ್ತಾನೆ. ಕಂಪನಿಯವರು ಏನಾದರೂ ಬರೆಸಿಕೊಂಡಿದ್ದಾರೆಯೇ? ನನ್ನ ಮುಖವನ್ನು ಅವರಿಗೆ ಒಪ್ಪಿಸಿಬಿಟ್ಟಿದ್ದೀಯೇ?

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಮರೆತಿರುವಂತೆ ಕಾಣುತ್ತದೆ. ನನಗಿಂತ ಮುಂಚೆ ಅಜ್ಜಿಗೆ ಹುಟ್ಟಿದ ಮಕ್ಕಳು ಯಾವುವೂ ನಿಲ್ಲಲಿಲ್ಲ. ಆಚೆ ಲೋಕದಲ್ಲಿ ಇನ್ನೊಬ್ಬ ತಾಯಿ ಇದ್ದಾಳೆ, ಅವಳು ಕರೆದಾಗಲೆಲ್ಲ ಕೂಸು ಎದ್ದು ಹೋಗುತ್ತದೆ ಎಂದರು. ಅದಕ್ಕೇ ನನ್ನ ಕೆನ್ನೆ ಕೆಡಿಸಿದರು. ತಿಪ್ಪೆ ಎಂದು ಅರ್ಥ ಬರುವ ಸುಮಿನಾ ಎಂಬ ಹೆಸರಿಟ್ಟರು. ಇಷ್ಟು ಕುರೂಪಿಯನ್ನು, ಇಂಥ ಹೆಸರಿನವಳನ್ನು ಆ ತಾಯಿ ಬೇಡ ಎನ್ನಲಿ ಎಂದು. ಈ ಗುರುತು ಇರುವುದು ಹೋಗದಿರಲಿಕ್ಕೆ. ನಿನ್ನ ಆಟದಲ್ಲಿ ಹುಡುಗಿ ಸಾಯುತ್ತಾಳೆ, ಗೀರುಗಳು ಚಿನ್ನದಂತೆ ಹೊಳೆಯುತ್ತವೆ, ಎದ್ದು ಬರುತ್ತಾಳೆ, ಮತ್ತೆ ಸಾಯುತ್ತಾಳೆ. ಯಾವ ಗುರುತು ಆ ಹೋಗಿಬರುವಿಕೆಯನ್ನು ನಿಲ್ಲಿಸಬೇಕೋ ಅದನ್ನೇ ಅದಕ್ಕೆ ಬಾಗಿಲು ಮಾಡಿದ್ದೀಯೆ. ಹೊರಗಿನವರು ಹೀಗೆ ಮಾಡಿದ್ದರೆ ತಿಳಿಯದೆ ಮಾಡಿದರು ಎನ್ನುತ್ತಿದ್ದೆ. ನೀನು ತಿಳಿದೂ ಏಕೆ ಮಾಡಿದೆ?

ಇನ್ನೊಂದು ಮಾತು. ಅವಳು ಸತ್ತಾಗ ಕತ್ತಲೆಯಿಂದ ಒಬ್ಬ ಹೆಂಗಸಿನ ಧ್ವನಿ "ಈ ಸಲ ಆದ್ರೂ ಇರೇ" ಎನ್ನುತ್ತದೆ. ಒಪುನಿ ಮೇಷ್ಟ್ರಿಗೆ ಅದು ಯಾರದೋ ಧ್ವನಿ. ನಾನು ನಿನ್ನ ಅಮ್ಮ, ನಿನ್ನ ಧ್ವನಿ ನನಗೆ ಗೊತ್ತಾಗದೇ? ಮಾತಾಡಿಸಲು ಅಷ್ಟು ದೊಡ್ಡ ಕಂಪನಿಗೆ ಬೇರೆ ಹೆಂಗಸು ಸಿಗಲಿಲ್ಲವೇ?

ಅಜ್ಜಿಯನ್ನೂ ವಿಚಾರಿಸಿದೆ. ನೀನು ಆಗಸ್ಟಿನಲ್ಲಿ, ನಾನು ಪರೀಕ್ಷೆಯ ಕೆಲಸಕ್ಕೆ ಹೋಗಿದ್ದಾಗ, ಬಂದು ಅದೇ ದಿನ ಹೊರಟುಹೋದ ವಿಷಯ ಆಗಲೇ ತಿಳಿದದ್ದು. ಕಳೆದ ಈಸ್ಟರಿನಿಂದ ನಿನ್ನ ಮುಖವನ್ನೇ ನಾನು ನೋಡಿರಲಿಲ್ಲ. ಕೇಳಿದಾಗಲೆಲ್ಲ ಕೆಲಸ, ಕೆಲಸ.

"ಯಾಕ್ ಬಂದಿದ್ಲು?" ಎಂದೆ.

"ಗೀರು ಹೇಗೆ ಹಾಕಿದ್ರಿ ಅಂತ ಕೇಳಿದ್ಲು. ನಿಂಗೆ ನೋವಾಯ್ತಾ ಅಂದ್ಲು. ಫಲ ಕೊಡ್ತಾ ಅಂದ್ಲು."

"ಫಲ ಕೊಡ್ತಾ ಅನ್ನೋದು ಚಿತ್ರ ಬರೆಯೋರಿಗೆ ಯಾಕ್ ಬೇಕು?"

"ನಿನ್ ಮಗಳನ್ನೇ ಕೇಳು. ನೀನು ಓದಿದೋಳು, ಪದ್ಯಕ್ಕೆಲ್ಲ ಅರ್ಥ ಹೇಳ್ತೀಯಂತೆ" ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ನೀವಿಬ್ಬರೂ ಸೇರಿ ನನ್ನನ್ನು ಹೊರಗಿಟ್ಟಿದ್ದೀರಿ ಎಂಬುದಷ್ಟೇ ನನಗೆ ಅರ್ಥವಾಯಿತು. ಕೇಳುವುದನ್ನೆಲ್ಲ ಕೇಳಿದ್ದೇನೆ. ಉತ್ತರ ಬರೆ. ನಿನ್ನ ಗಂಡನಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಕೈ ಕುಂದದಿರಲಿ, ನಿನ್ನ ಮನೆಯಲ್ಲಿ ನೀರೂ ನಗುವೂ ಬತ್ತದಿರಲಿ. ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ಅಬೆನಾ ಸುಮಿನಾ

ಮತ್ತೆ: ಇದನ್ನು ಮಡಿಚುತ್ತಿದ್ದಾಗ ಅಜ್ಜಿ ಓದಿಸಿಕೊಂಡಳು. ಕೇಳಿ ಮುಗಿಸಿ, "ಅವತ್ತು ಅವಳು ನನ್ ಕೈಲಿ ನೆಲಗಡಲೆ ಸಾರು ಮಾಡಿಸ್ಕೊಂಡು ಉಂಡ್ಲು. ಅವಳ ಅಂಗಿ ಎದೆ ಹತ್ರ ಒದ್ದೆಯಾಗಿತ್ತು. ನಾನೂ ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ" ಎಂದಳು. ಹೆಸರಿಡುವ ಎಂಟನೆಯ ದಿನಕ್ಕೆ ಮೊದಲೇ ಹೊರಟುಹೋದ ಕೂಸಿಗೆ ನಮ್ಮ ಹಿಂದಿನವರು ಅಳುತ್ತಿರಲಿಲ್ಲ. ಏನೂ ಆಗಿಲ್ಲ ಎನ್ನುವಂತೆ ತಾಯಿ ತಂದೆ ನೆಲಗಡಲೆ ಸಾರು ಉಣ್ಣುತ್ತಿದ್ದರು. ನೀನು ಅದನ್ನು ನನ್ನ ಅಡುಗೆಮನೆಯಲ್ಲಿ, ನಾನಿಲ್ಲದ ಹೊತ್ತು ನೋಡಿ, ಒಬ್ಬಳೇ ಉಂಡೆ. ಬದುಕುಳಿದವಳ ಮುಂದೆ ಹೋದವರ ಮಾತು ಆಡಬಾರದು ಅಂದುಕೊಂಡೆಯಾ ಫ್ರೇಮಾ? ಮೇಲೆ ಕೇಳಿದ ಯಾವುದಕ್ಕೂ ಉತ್ತರ ಬೇಡ. ಆ ಕೂಸು ಗಂಡೋ ಹೆಣ್ಣೋ, ಅಷ್ಟು ಹೇಳು.