ಮೈಕಿನಲ್ಲೇ ಹೇಳಲಿ

ಹಳಿಯಾಳ
ಫೆಬ್ರವರಿ ೧೯೯೮

ಮಾನ್ಯ ಪ್ರಾಚಾರ್ಯರಿಗೆ,

ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ನನ್ನ ತರಗತಿಯ ವಿನಾಯಕ ಮುಖಕ್ಕೆ ಮಸಿ ಬಳಿದುಕೊಂಡು, "ನಾ ಫ್ಲೋರಿನಾ ಸಿದ್ದಿ, ಕಾಡಿನಿಂದ ಬಂದೇನಿ" ಎಂದು ಮೈಕಿನಲ್ಲಿ ಕೂಗಿ ಕುಣಿದ. ಇಡೀ ಕಾಲೇಜು ನಕ್ಕಿತು. ನೀವೂ ನಕ್ಕಿರಿ.

ನಿನ್ನೆ ನಿಮ್ಮ ಕೋಣೆಯ ಬಾಗಿಲು ಮುಚ್ಚಿಸಿ ಅವನಿಂದ ಕ್ಷಮೆ ಕೇಳಿಸಿದಿರಿ. "ಯಾರಿಗರೆ ಬ್ಯಾಸರಾಗಿದ್ರ ಸಾರಿ" ಎಂದು ನೆಲಕ್ಕೆ ಹೇಳಿದ. "ಮುಂದಿನ ಕಾರ್ಯಕ್ರಮದಾಗ ನಿಮ್ಮ ಸಿದ್ದಿ ಮಂದಿದು ಒಂದು ಕುಣಿತ ಇಡೂಣವಾ, ಎಲ್ಲಾ ಸರಿಹೋಗ್ತೈತಿ" ಎಂದಿರಿ ನೀವು.

ಸರ್, ನನಗೆ ಕುಣಿಯಲು ಬರುವುದಿಲ್ಲ. ನಾನು ರಸಾಯನಶಾಸ್ತ್ರ ಓದಲು ಬಂದವಳು. ಬೇಸರವಾದದ್ದು ಯಾರಿಗೋ ಅಲ್ಲ, ನನಗೆ. ಅದೇ ವೇದಿಕೆಯಲ್ಲಿ, ಅದೇ ಮೈಕಿನಲ್ಲಿ, ತಾನು ಮಾಡಿದ್ದೇನೆಂದು ಹೇಳಿ, ನನ್ನ ಹೆಸರು ಹಿಡಿದು ಅವನು ಕ್ಷಮೆ ಕೇಳಬೇಕು. ಅವನ ನಂತರ ನೀವು.

ಅವ್ವನನ್ನೂ ಕರೆತರುತ್ತೇನೆ. ದಯವಿಟ್ಟು ಮುಂದಿನ ಸಾಲಿನಲ್ಲಿ ನಮಗೆ ಎರಡು ಕುರ್ಚಿ ಇಡಿಸಿರಿ.

ನಿಮ್ಮ ವಿದ್ಯಾರ್ಥಿನಿ,
ಫ್ಲೋರಿನಾ ಸಿದ್ದಿ
ಬಿ.ಎಸ್ಸಿ. ಎರಡನೇ ವರ್ಷ